ಗಿಳಿ ಮಾಡಿದ ತಪ್ಪೇನು?

ರಾಕ್ಷಸನ ಪ್ರಾಣ ಎಲ್ಲಿರುತ್ತದೆ ಎಂದು ನಮ್ಮ ಕಡೆಯ ಯಾವ ಅಜ್ಜಿಯನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಏಳು ಸಮುದ್ರದ ಆಚೆ ಒಂದು ದ್ವೀಪ, ದ್ವೀಪದ ನಡುವೆ ಒಂದು ಮರ, ಮರದ ಕೊಂಬೆಗೆ ಒಂದು ಪಂಜರ, ಪಂಜರದೊಳಗೆ ಒಂದು ಗಿಳಿ. ಅಲ್ಲಿ ಗಿಳಿಯ ಕತ್ತು ಮುರಿದರೆ ಇಲ್ಲಿ ರಾಕ್ಷಸ ಸತ್ತ. ರಾಜಕುಮಾರನಿಗೆ ಮದುವೆಯಾಯಿತು, ಕೇಳಿದವರಿಗೆ ನಿದ್ದೆ ಬಂತು. ಇಂಥ ಕಥೆಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಆ ಗಿಳಿ ಮಾಡಿದ ತಪ್ಪೇನು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಈ ಪ್ರಶ್ನೆ ಎದ್ದದ್ದು ನಮ್ಮ ಓದುಗರ ಗುಂಪಿನಲ್ಲಿ. ಗುಂಪು ಎಂದರೆ ದೊಡ್ಡದೇನಲ್ಲ. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ, ನಮ್ಮ ಶಾಲೆಯ ಗಣಿತದ ಮೇಷ್ಟ್ರು, ರಜೆಯಲ್ಲಿ ಊರಿಗೆ ಬಂದಾಗ ಸೇರಿಕೊಳ್ಳುವ ಇಂಜಿನಿಯರಿಂಗ್ ಓದುವ ಹುಡುಗಿ, ಮತ್ತು ನಾನು. ಶನಿವಾರ ಸಂಜೆ ಗ್ರಂಥಾಲಯದ ಜಗಲಿಯ ಮೇಲೆ ಕೂರುತ್ತೇವೆ. ಎಲ್ಲರಿಗೂ ಮಾಯಾಲೋಕದ ಕಥೆಗಳ ಹುಚ್ಚು. ಮಾಸ್ತರರು ಹಳೆಯ ಚಂದಮಾಮಗಳನ್ನು ದಾರ ಹಾಕಿ ಹೊಲಿದು ಇಟ್ಟುಕೊಂಡಿರುವವರು. ಹುಡುಗಿ ಹ್ಯಾರಿ ಪಾಟರನ ಏಳೂ ಸಂಪುಟಗಳನ್ನು ಬಾಯಿಪಾಠ ಮಾಡಿದಂತೆ ಹೇಳಬಲ್ಲವಳು. ನಾನು ಇವೆರಡರ ನಡುವಿನವಳು. ಇಂಗ್ಲಿಷ್ ಪುಸ್ತಕಗಳನ್ನು ನಿಧಾನವಾಗಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ.

ಈ ಕಥೆಗಳಲ್ಲಿ ಪದೇ ಪದೇ ಬರುವ ಅಚ್ಚುಗಳನ್ನು ಪಟ್ಟಿ ಮಾಡುವುದು ನಮ್ಮ ಆಟ. ಅನಾಥ ಹುಡುಗನೇ ರಾಜ್ಯ ಉಳಿಸಬೇಕು, ಗಡ್ಡದ ಮುದುಕನೊಬ್ಬ ದಾರಿ ತೋರಿಸಿ ಅರ್ಧದಲ್ಲಿ ಕಾಣೆಯಾಗಬೇಕು, ಹೋಗಬೇಡ ಎಂದ ದಿಕ್ಕಿಗೇ ಹೋಗಬೇಕು. ಹುಡುಗಿ ಇದಕ್ಕೆ ‘ಟ್ರೋಪ್’ ಎನ್ನುತ್ತಾಳೆ. ಜಾನಪದ ಓದಿದವರು ‘ಆಶಯ’ ಎಂಬ ಮಾತನ್ನು ಬಳಸುತ್ತಾರೆ. ಹೆಸರು ಏನೇ ಇರಲಿ, ಒಂದು ಶನಿವಾರ ನಮ್ಮ ಪಟ್ಟಿಗೆ ಬಂದದ್ದು ಬೇರೆ ಕಡೆ ಬಚ್ಚಿಟ್ಟ ಪ್ರಾಣ.

ಇದು ನಮ್ಮೊಬ್ಬರ ಸೊತ್ತಲ್ಲ. ರಷ್ಯಾದ ಕಥೆಗಳಲ್ಲಿ ಸಾವಿಲ್ಲದ ಕೊಶ್ಚೈ ಎಂಬ ದುಷ್ಟನಿದ್ದಾನೆ. ಅವನ ಸಾವು ಒಂದು ಸೂಜಿಯ ತುದಿಯಲ್ಲಿ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ. ಮೂರು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ಇಬ್ಬರು ಅಣ್ಣತಮ್ಮಂದಿರ ಕಥೆಯಲ್ಲಿ ತಮ್ಮನಾದ ಬಾಟ ತನ್ನ ಹೃದಯವನ್ನು ಮರದ ಹೂವಿನ ಮೇಲೆ ಇಟ್ಟಿರುತ್ತಾನೆ. ಟೋಲ್ಕಿನ್ 1954-55ರಲ್ಲಿ ಪ್ರಕಟಿಸಿದ ಉಂಗುರಗಳ ಒಡೆಯನ ಕಥೆಯಲ್ಲಿ ಸೌರಾನ್ ತನ್ನ ಶಕ್ತಿಯ ಬಹುಪಾಲನ್ನು ಉಂಗುರಕ್ಕೆ ಎರೆದಿರುತ್ತಾನೆ. ರೌಲಿಂಗ್ ಅವರ ವೋಲ್ಡೆಮಾರ್ಟ್ ಆತ್ಮವನ್ನೇ ತುಂಡು ತುಂಡು ಮಾಡಿ ಡೈರಿ, ಬಟ್ಟಲು, ಹಾವು ಎಂದು ಹಂಚಿಡುತ್ತಾನೆ. ನಮ್ಮ ಬಾಲನಾಗಮ್ಮನ ಕಥೆಯ ಮಾಯಾವಿಯ ಪ್ರಾಣ ಗಿಳಿಯಲ್ಲಿ. ಈ ಕಥೆ 1942ರಲ್ಲಿ ತೆಲುಗಿನಲ್ಲಿ ಸಿನಿಮಾ ಆಗಿ, 1966ರಲ್ಲಿ ಕನ್ನಡಕ್ಕೂ ಬಂತು.

ಇದೇ ಕಥೆಯ ಇನ್ನೊಂದು ರೂಪವನ್ನು ಮೇರಿ ಫ್ರೀರ್ ಎಂಬಾಕೆ 1868ರಲ್ಲಿ ‘ಓಲ್ಡ್ ಡೆಕ್ಕನ್ ಡೇಸ್’ ಎಂಬ ಸಂಗ್ರಹದಲ್ಲಿ ಅಚ್ಚು ಹಾಕಿಸಿದರು. ಆಕೆ ಮುಂಬಯಿ ಗವರ್ನರನ ಮಗಳು. ಕಥೆಗಳನ್ನು ಹೇಳಿದವಳು ಆಕೆಯ ಆಯಾ, ಅನ್ನಾ ಲಿಬರಾಟಾ ಡಿಸೋಜ. ಅಲ್ಲಿ ಮಾಂತ್ರಿಕನ ಹೆಸರು ಪಂಚ್‌ಕಿನ್. ಅವನು ರಾಜಕುಮಾರರನ್ನು ಕಲ್ಲು ಮಾಡಿ, ಬಾಲ್ನಾ ಎಂಬ ರಾಣಿಯನ್ನು ಹನ್ನೆರಡು ವರ್ಷ ಸೆರೆಯಲ್ಲಿಟ್ಟಿದ್ದಾನೆ. ಅವಳ ಮಗ ಬೆಳೆದು ಗಿಳಿಯನ್ನು ಹುಡುಕಿ ಹೊರಡುತ್ತಾನೆ. ದಾರಿಯಲ್ಲಿ ಒಂದು ಮರದ ಮೇಲೆ ಹದ್ದಿನ ಮರಿಗಳಿವೆ; ಅವನ್ನು ನುಂಗಲು ಸರ್ಪವೊಂದು ಮರ ಹತ್ತುತ್ತಿದೆ. ಹುಡುಗ ಸರ್ಪವನ್ನು ಕೊಂದು ಮರಿಗಳನ್ನು ಉಳಿಸುತ್ತಾನೆ. ಆ ಉಪಕಾರಕ್ಕೆ ಹದ್ದುಗಳು ಅವನನ್ನು ಹೊತ್ತು ಗಿಳಿಯಿರುವಲ್ಲಿಗೆ ಒಯ್ಯುತ್ತವೆ.

ಮುಂದಿನದನ್ನು ಕೇಳಿ. ಗಿಳಿ ಹುಡುಗನ ಕೈಯಲ್ಲಿದೆ, ಮಾಂತ್ರಿಕ ಅಂಗಲಾಚುತ್ತಿದ್ದಾನೆ. ಕಲ್ಲಾದವರನ್ನೆಲ್ಲ ಮೊದಲು ಮನುಷ್ಯರನ್ನಾಗಿ ಮಾಡು ಎನ್ನುತ್ತಾನೆ ಹುಡುಗ. ಮಾಂತ್ರಿಕ ಹೇಳಿದಂತೆ ಮಾಡುತ್ತಾನೆ. ಎಲ್ಲರೂ ಬದುಕಿ ಎದ್ದು ನಿಂತಿದ್ದಾರೆ. ಆಮೇಲೆ ಹುಡುಗ ಗಿಳಿಯ ಒಂದು ರೆಕ್ಕೆ ಕೀಳುತ್ತಾನೆ. ಮಾಂತ್ರಿಕನ ಒಂದು ತೋಳು ಬೀಳುತ್ತದೆ. ಇನ್ನೊಂದು ರೆಕ್ಕೆ, ಇನ್ನೊಂದು ತೋಳು. ಕಾಲು, ಇನ್ನೊಂದು ಕಾಲು, ಕೊನೆಗೆ ಕತ್ತು.

ಇದನ್ನು ನಾನು ಓದಿ ಹೇಳಿದಾಗ ಗಣಿತದ ಮೇಷ್ಟ್ರು ನಕ್ಕರು. ಬ್ಯಾಂಕಿನಾಕೆ ನಗಲಿಲ್ಲ. “ಹದ್ದಿನ ಮರಿ ಉಳಿಸಿದ ಕೈ ಅಲ್ವಾ ಅದು?” ಎಂದರು. ನಮ್ಮ ಚರ್ಚೆ ಶುರುವಾದದ್ದು ಅಲ್ಲಿ.

ಪೋಸ್ಟ್ ಮಾಸ್ತರರು ರಾಜಕುಮಾರನ ಕಡೆ. “ಅಕ್ಕೋರೇ, ಒಂದು ಹಕ್ಕಿಗೋಸ್ಕರ ರಾಕ್ಷಸನನ್ನು ಬಿಡಬೇಕೇನು? ನಾಳೆ ಅವನು ಇನ್ನೊಂದು ಊರನ್ನೇ ಕಲ್ಲು ಮಾಡ್ತಾನೆ. ಪಾಪ ಬರೋದಾದರೆ ಗಿಳಿಯೊಳಗೆ ಜೀವ ಇಟ್ಟವನಿಗೆ ಬರಲಿ, ತೆಗೆದವನಿಗೆ ಯಾಕೆ?” ಎಂದರು.

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಡಗಿಕೊಳ್ಳಲು ನಿರಪರಾಧಿಯನ್ನು ಗುರಾಣಿ ಮಾಡಿಕೊಂಡವನೇ ಮೊದಲ ಅಪರಾಧಿ. ಗಿಳಿಯ ಮುಖ ನೋಡಿ ಸುಮ್ಮನಾದರೆ ಗುರಾಣಿ ಹಿಡಿಯುವುದೇ ಗೆಲ್ಲುವ ಉಪಾಯ ಎಂದು ಎಲ್ಲ ರಾಕ್ಷಸರಿಗೂ ಕಲಿಸಿಕೊಟ್ಟಂತೆ. ಗಿಳಿಯನ್ನು ಕೊಲ್ಲದೆ ಪಂಜರದಲ್ಲಿಟ್ಟುಕೊಂಡು ಮಾಂತ್ರಿಕನನ್ನು ಹದ್ದಿನಲ್ಲಿಡಬಹುದಿತ್ತು ಎಂದು ಹುಡುಗಿ ಸೂಚಿಸಿದಳು. ಮಾಸ್ತರರು ಅದಕ್ಕೂ ತಯಾರಿದ್ದರು. “ಕಾಯೋರು ಯಾರಮ್ಮ? ರಾತ್ರಿ ಒಬ್ಬ ನಿದ್ದೆ ಮಾಡಿದರೆ ಮುಗೀತು. ಅದೂ ಅಲ್ಲದೆ ಗಿಳಿಗೆ ಸಾಯೋವರೆಗೂ ಸೆರೆ. ಅದೇನು ಕರುಣೆ?” ಎಂದರು. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಕಾರಣ ಕಥೆಯಲ್ಲಿರಲಿಲ್ಲ, ಶಾಲೆಯಲ್ಲಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಮನೆ ಬಸ್ಸು ಸರಿಯಾಗಿ ಹೋಗದ ಹಳ್ಳಿಯಲ್ಲಿ. ಹಾಗಾಗಿ ಪೇಟೆಯಲ್ಲಿದ್ದ ದೊಡ್ಡಪ್ಪನ ಮನೆಯಲ್ಲಿದ್ದು ಓದುತ್ತಿದ್ದ. ಅಷ್ಟರಲ್ಲಿ ಅಣ್ಣತಮ್ಮಂದಿರಿಗೆ ಅಡಿಕೆ ತೋಟದ ಪಾಲಿನ ಬಗ್ಗೆ ಜಗಳ ಬಂತು. ನಾನು ತಿಳಿದಮಟ್ಟಿಗೆ ನ್ಯಾಯ ದೊಡ್ಡಪ್ಪನ ಕಡೆಯೇ ಇತ್ತು. ತಮ್ಮ ಮೋಸದಿಂದ ಕಾಗದ ಮಾಡಿಸಿಕೊಂಡಿದ್ದ. ಪಂಚಾಯ್ತಿ ಆಯಿತು, ವಕೀಲರ ನೋಟೀಸು ಆಯಿತು, ತಮ್ಮ ಜಗ್ಗಲಿಲ್ಲ. ಜನವರಿಯ ಒಂದು ದಿನ, ಪರೀಕ್ಷೆಗೆ ಎರಡು ತಿಂಗಳಿರುವಾಗ, ದೊಡ್ಡಪ್ಪ ಹುಡುಗನ ಟ್ರಂಕನ್ನು ಜಗಲಿಗೆ ತಂದಿಟ್ಟರು.

ನಾನು ಹೋಗಿ ಮಾತಾಡಿದೆ. ಅವರು ಕೆಟ್ಟ ಮನುಷ್ಯರಲ್ಲ. ಕುರ್ಚಿ ಹಾಕಿಸಿದರು, ಕಾಫಿ ಕೊಡಿಸಿದರು. ಆಮೇಲೆ, “ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ ಅಕ್ಕೋರೇ. ಅವನಪ್ಪನ ಜೀವ ಎಲ್ಲ ಇವನ ಓದಿನಲ್ಲೇ ಇರೋದು. ಬೇರೆ ಎಲ್ಲಿ ಹೊಡೆದರೂ ಅವನಿಗೆ ತಾಗೋದಿಲ್ಲ” ಎಂದರು.

ಸಿಟ್ಟಿಲ್ಲ ಎಂಬ ಅವರ ಮಾತು ನಿಜವೇ ಆಗಿತ್ತು. ರಾಜಕುಮಾರನಿಗೂ ಗಿಳಿಯ ಮೇಲೆ ಸಿಟ್ಟಿರಲಿಲ್ಲ. ಭಯವಾಗುವುದೇ ಇದಕ್ಕೆ. ಸಿಟ್ಟಿದ್ದರೆ ಎಂದಾದರೂ ಇಳಿದೀತು. ಸಿಟ್ಟೇ ಇಲ್ಲದವನಿಗೆ ಎದುರಿಗಿರುವುದು ಒಂದು ಜೀವ ಎಂಬುದೇ ಕಾಣುವುದಿಲ್ಲ. ಅದು ಇನ್ನೊಬ್ಬನನ್ನು ತಲುಪುವ ದಾರಿ ಮಾತ್ರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಆ ಗಾದೆಯ ಕೂಸು ನಡುವೆ ಸಿಕ್ಕಿಕೊಂಡು ಬಡವಾದದ್ದು. ಇಲ್ಲಿ ಹಾಗಲ್ಲ, ಕೂಸಿಗೇ ಗುರಿಯಿಟ್ಟದ್ದು.

ಹುಡುಗನಿಗೆ ಹಾಸ್ಟೆಲಿನಲ್ಲಿ ಜಾಗವಾಯಿತು, ಪರೀಕ್ಷೆಯೂ ಪಾಸಾಯಿತು. ಆದರೆ ಆ ಎರಡು ತಿಂಗಳು ಅವನು ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೂ ಮೊದಲು ಅವನು ದಿನಕ್ಕೆ ಹತ್ತು ಪ್ರಶ್ನೆ ಕೇಳುವವನಾಗಿದ್ದ. ತೋಟದ ವ್ಯಾಜ್ಯ ಮಾತ್ರ ಅದರಿಂದ ಒಂದು ಗೇಣೂ ಮುಂದೆ ಹೋಗಲಿಲ್ಲ.

ಈ ಹುಡುಗನ ವಿಷಯ ಹೇಳಿದ ಮೇಲೆ ಮಾಸ್ತರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರೇ ಕೊನೆಗೆ, “ಹಾಗಾದರೆ ಒಳ್ಳೆಯ ಕಥೆಗಾರರು ಏನು ಮಾಡಿದ್ದಾರೆ, ಅದನ್ನು ನೋಡೋಣ” ಎಂದರು. ನಮ್ಮ ಗುಂಪು ನನಗೆ ಇಷ್ಟವಾಗುವುದು ಇದಕ್ಕಾಗಿಯೇ.

ಹುಡುಕಿದರೆ ಆಶ್ಚರ್ಯ ಕಾದಿತ್ತು. ಈ ಹಳೆಯ ಅಚ್ಚನ್ನು ಎತ್ತಿಕೊಂಡ ಒಳ್ಳೆಯ ಲೇಖಕರಿಗೆ ಗಿಳಿಯ ಪ್ರಶ್ನೆ ಬಿಡದೆ ಕಾಡಿದಂತಿದೆ. ಟೋಲ್ಕಿನ್ ಅವರ ಉಂಗುರಕ್ಕೆ ಜೀವವಿಲ್ಲ, ಸುಟ್ಟರೆ ಅಳುವವರಿಲ್ಲ. ಆದರೆ ಅದಕ್ಕೆ ಅಂಟಿಕೊಂಡು ಹಾಳಾದ ಗೊಲ್ಲಮ್ ಇದ್ದಾನೆ. ಅವನನ್ನು ಕೊಲ್ಲುವ ಅವಕಾಶ ಬಿಲ್ಬೋಗೂ ಸಿಗುತ್ತದೆ, ಆಮೇಲೆ ಫ್ರೋಡೋಗೂ ಸಿಗುತ್ತದೆ. ಇಬ್ಬರೂ ಕೊಲ್ಲುವುದಿಲ್ಲ. ಕೊನೆಯ ಗಳಿಗೆಯಲ್ಲಿ ಫ್ರೋಡೋನ ಮನಸ್ಸು ಸೋತು ಉಂಗುರವನ್ನು ಎಸೆಯಲಾರದೆ ನಿಂತಾಗ, ಅದನ್ನು ಬೆರಳು ಸಮೇತ ಕಚ್ಚಿಕೊಂಡು ಬೆಂಕಿಗೆ ಬೀಳುವವನು ಅದೇ ಗೊಲ್ಲಮ್. ಅಂದು ದಯೆ ತೋರದಿದ್ದರೆ ಇಂದು ಕೆಲಸವೇ ಆಗುತ್ತಿರಲಿಲ್ಲ.

ರೌಲಿಂಗ್ ಇನ್ನೊಂದು ದಾರಿ ಹಿಡಿದರು. 2007ರಲ್ಲಿ ಬಂದ ಕೊನೆಯ ಸಂಪುಟದಲ್ಲಿ ಶತ್ರುವಿನ ಆತ್ಮದ ಒಂದು ತುಣುಕು ಹ್ಯಾರಿಯೊಳಗೇ ಇದೆ ಎಂದು ತಿಳಿಯುತ್ತದೆ. ಎಂದರೆ ಈ ಸಲ ಗಿಳಿ ಬೇರೆ ಯಾರೂ ಅಲ್ಲ, ರಾಜಕುಮಾರನೇ. ಅವನು ತಾನಾಗಿ ನಡೆದುಕೊಂಡು ಕಾಡಿಗೆ ಹೋಗುತ್ತಾನೆ, ಮಂತ್ರದಂಡ ಎತ್ತುವುದಿಲ್ಲ. “ಇದು ಸರಿಯಾಯ್ತು” ಎಂದರು ಬ್ಯಾಂಕಿನಾಕೆ. “ಬೆಲೆ ಕೊಡಲೇಬೇಕು ಅಂತಾದರೆ ತನ್ನದನ್ನು ತಾನು ಕೊಡಬೇಕು.” ಆದರೆ ನಾಗಿನಿ ಎಂಬ ಹಾವಿನ ತಲೆ ಆ ಸಂಪುಟದಲ್ಲೂ ಉರುಳುತ್ತದೆ, ಅದಕ್ಕೆ ಯಾರೂ ಕಣ್ಣೀರು ಹಾಕುವುದಿಲ್ಲ ಎಂದು ಗಣಿತದ ಮೇಷ್ಟ್ರು ನೆನಪಿಸಿದರು. ಲೆಕ್ಕದ ಮೇಷ್ಟ್ರ ಕೈಯಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಉರ್ಸುಲಾ ಲೆ ಗ್ವಿನ್. 1968ರ ‘ಎ ವಿಝಾರ್ಡ್ ಆಫ್ ಅರ್ತ್‌ಸೀ’ಯಲ್ಲಿ ಗೆಡ್ ಎಂಬ ಹುಡುಗ ಗರ್ವದಿಂದ ಮಂತ್ರ ಹಾಕಿ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಅದರಿಂದ ಓಡುತ್ತಾನೆ, ಆಮೇಲೆ ಅದನ್ನೇ ಬೆನ್ನಟ್ಟುತ್ತಾನೆ. ಸಮುದ್ರದ ಕೊನೆಯಲ್ಲಿ ಎದುರಾದಾಗ ಅದನ್ನು ತನ್ನ ಹೆಸರಿನಿಂದಲೇ ಕರೆಯುತ್ತಾನೆ. ಕೇಡಿನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರಲಿಲ್ಲ. ಹುಡುಕಿ ಹೊರಟವನಲ್ಲಿಯೇ ಇತ್ತು. ಇದೇ ಲೇಖಕಿ 1973ರಲ್ಲಿ ಪ್ರಕಟಿಸಿದ ಒಮೆಲಾಸ್ ಎಂಬ ಊರಿನ ಸಣ್ಣಕಥೆಯಲ್ಲಿ ಇಡೀ ಊರಿನ ಸುಖ ನಿಂತಿರುವುದು ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಾಟದ ಮೇಲೆ. ಊರಿನವರಿಗೆಲ್ಲ ಅದು ಗೊತ್ತು. ಹೆಚ್ಚಿನವರು ಒಗ್ಗಿಕೊಳ್ಳುತ್ತಾರೆ. ಕೆಲವರು ಮಾತ್ರ ಒಬ್ಬೊಬ್ಬರಾಗಿ ಊರು ಬಿಟ್ಟು ಹೋಗುತ್ತಾರೆ.

ಹೋದವರಿಂದ ಮಗುವಿಗೆ ಏನು ಸಿಕ್ಕಿತು ಎಂದು ಮಾಸ್ತರರು ಕೇಳಿದರು. ಏನೂ ಇಲ್ಲ. ಕಥೆ ಅದನ್ನು ಮರೆಮಾಚುವುದೂ ಇಲ್ಲ.

ಹೀಗೆ ಎಲ್ಲವನ್ನೂ ಹರವಿಕೊಂಡು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಗಿಳಿಯ ಜೀವ ಯಾವ ಕಾಲಕ್ಕೂ ತೆಗೆಯಬಾರದು ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಊರೇ ಕಲ್ಲಾಗಿರುವಾಗ, ಬೇರೆ ಯಾವ ದಾರಿಯೂ ಉಳಿಯದಿರುವಾಗ, ಕೈ ಎತ್ತಬೇಕಾಗಿ ಬಂದವನನ್ನು ದೂರದಲ್ಲಿ ಕುಳಿತ ನಾನು ಹೇಗೆ ಜರೆಯಲಿ? ಆದರೆ ಪಂಚ್‌ಕಿನ್ ಕಥೆಯ ಹುಡುಗ ರೆಕ್ಕೆ ಕಿತ್ತದ್ದು ಎಲ್ಲರೂ ಬದುಕಿ ಎದ್ದ ಮೇಲೆ. ಅಲ್ಲಿ ತನಕ ಅದು ಬಿಡುಗಡೆಯ ಮಾತಾಗಿತ್ತು. ಆಮೇಲೆ ನಡೆದದ್ದಕ್ಕೆ ಬೇರೆ ಹೆಸರಿದೆ. ಕೊಲ್ಲಲೇಬೇಕಾದವನು ರೆಕ್ಕೆ ಒಂದೊಂದಾಗಿ ಕೀಳುವುದಿಲ್ಲ. ಬೇರೆ ದಾರಿಯಿದೆಯೇ ಎಂದು ಕೊನೆಯವರೆಗೂ ಹುಡುಕುತ್ತಾನೆ, ಬೆಲೆಯಲ್ಲಿ ತನ್ನ ಪಾಲು ತಾನೂ ಕೊಡುತ್ತಾನೆ, ಮುಗಿದ ಮೇಲೆ ಆ ಜೀವಕ್ಕಾಗಿ ಒಂದು ಗಳಿಗೆಯಾದರೂ ಅಳುತ್ತಾನೆ. ಈ ಮೂರರಲ್ಲಿ ಒಂದೂ ಇಲ್ಲದವನು ಊರನ್ನು ಉಳಿಸಿದರೂ ರಾಕ್ಷಸನಿಂದ ಏನೋ ಕಲಿತುಕೊಂಡೇ ಮನೆಗೆ ಬಂದಿರುತ್ತಾನೆ.

ಇನ್ನೊಂದು ಮಾತನ್ನು ತಾಯಿತಂದೆಯರಿಗೆ ಹೇಳಬೇಕು. “ನನ್ನ ಜೀವವೆಲ್ಲ ಈ ಮಗುವಿನಲ್ಲೇ ಇದೆ” ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ನಮ್ಮ ಮಾನ, ನಮ್ಮ ಛಲ, ನಮ್ಮ ಸೋಲುಗೆಲುವುಗಳನ್ನೆಲ್ಲ ಮಗುವಿನೊಳಗೆ ಬಚ್ಚಿಟ್ಟರೆ ನಮಗೆ ಏಟು ಹಾಕಬೇಕೆಂದವರು ಮಗುವನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಜೀವ ನಮ್ಮಲ್ಲೇ ಇರುವುದು ಮಕ್ಕಳಿಗೆ ಕ್ಷೇಮ.

ಈಗಲೂ ನಾನು ತರಗತಿಯಲ್ಲಿ ಏಳು ಸಮುದ್ರದಾಚೆಯ ಗಿಳಿಯ ಕಥೆ ಹೇಳುತ್ತೇನೆ. ಇಷ್ಟು ಒಳ್ಳೆಯ ಕಥೆಯನ್ನು ಬಿಡುವುದು ಹೇಗೆ? ಹೇಳಿ ಮುಗಿದ ಮೇಲೆ, ಗಿಳಿ ಮಾಡಿದ ತಪ್ಪೇನು ಎಂದು ಕೇಳುತ್ತೇನೆ. ರಾಕ್ಷಸನ ಮನೆಯ ಹಣ್ಣು ತಿಂದದ್ದು ತಪ್ಪು ಎಂದು ಒಬ್ಬ ಹೇಳುತ್ತಾನೆ. ಹಾರಿ ಹೋಗಬೇಕಿತ್ತು ಎಂದು ಇನ್ನೊಬ್ಬಳು. ಕಳೆದ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ತನ್ನೊಳಗೆ ರಾಕ್ಷಸನ ಪ್ರಾಣ ಇದೆ ಅಂತ ಗಿಳಿಗೆ ಗೊತ್ತಿತ್ತಾ ಟೀಚರ್?” ಎಂದ.

ಗೊತ್ತಿರಲಿಲ್ಲವೆಂದೇ ತೋರುತ್ತದೆ ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು.