ಮಕ್ಕಳಿಗಾಗಿ ಕಟ್ಟಿದ ಬಲ

ಅಮೆರಿಕದಲ್ಲಿ ಶಾಲಾ ಬಸ್ಸು ಕಟ್ಟುವವರು ಒಂದೊಂದು ಮಗುವಿಗೂ ಕನಿಷ್ಠ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕವನ್ನು ಲೆಕ್ಕ ಹಿಡಿಯಬೇಕು. ಇದು ಕಾನೂನಿನಲ್ಲೇ ಬರೆದಿರುವ ಮಾತು. 72 ಮಕ್ಕಳ ಬಸ್ಸಾದರೆ ಮಕ್ಕಳ ಪಾಲಿಗೆಂದೇ 3,900 ಕಿಲೋದಷ್ಟು ಭಾರ ಹೊರುವ ಬಲವನ್ನು ಅದರ ಆಕ್ಸಲ್, ಸ್ಪ್ರಿಂಗ್ ಪಟ್ಟಿ, ಟೈರುಗಳಲ್ಲಿ ಮೊದಲೇ ತುಂಬಿಟ್ಟಿರುತ್ತಾರೆ. ಹನ್ನೆರಡು ಹದಿನೈದು ವರ್ಷ ದುಡಿದ ಮೇಲೆ ಶಾಲೆಯವರು ಬಸ್ಸನ್ನು ಹರಾಜಿಗೆ ಹಾಕುತ್ತಾರೆ. ಅಷ್ಟು ಹೊತ್ತಿಗೆ ಅದರಲ್ಲಿ ಓಡಾಡಿದ ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದಿರುತ್ತಾರೆ. ಅವರಿಗಾಗಿ ತುಂಬಿಟ್ಟ ಬಲ ಮಾತ್ರ ಬಸ್ಸಿನಲ್ಲೇ ಇರುತ್ತದೆ.

ಆ ಬಲವನ್ನು ಗುರುತಿಸಿ ಹರಾಜಿಗೆ ಬರುವ ಜನ ಅಲ್ಲಿ ಬಹಳ. ಬಸ್ಸಿನ ಮುಂದಿನ ಅರ್ಧವನ್ನು ಮನೆ ಮಾಡಿಕೊಂಡು, ಹಿಂದಿನ ಅರ್ಧದಲ್ಲಿ ತಮ್ಮ ಕಾರನ್ನೋ ಮೋಟಾರ್ ಸೈಕಲ್ಲನ್ನೋ ಹೇರಿಕೊಂಡು ಹೋಗುವವರೂ ಅವರಲ್ಲಿದ್ದಾರೆ. ವಾರದ ಕೊನೆಗೆ ರೇಸಿಗೆ ಹೋಗುವ ಕುಟುಂಬಗಳು, ಮರಳುಗಾಡಿನಲ್ಲಿ ಬೈಕ್ ಓಡಿಸುವ ಗೆಳೆಯರ ಗುಂಪುಗಳು, ಕೆಲಸ ಸಿಕ್ಕ ಊರಿನಲ್ಲಿ ತಂಗಿ ಮುಂದೆ ಸಾಗುವ ಕುಶಲಕರ್ಮಿಗಳು ಇಂಥ ಬಸ್ಸು ಕಟ್ಟಿಕೊಳ್ಳುತ್ತಾರೆ. ಉಳಿಯಲು ಸೂರು, ಊರೊಳಗೆ ಓಡಾಡಲು ಗಾಡಿ ಎರಡೂ ಒಂದೇ ಚಾಸಿಯ ಮೇಲೆ ಸಿಗುತ್ತವೆ. ಹಳೆಯದನ್ನು ಎಸೆಯದೆ ಹೊಸ ಬಾಳಿಗೆ ಒಗ್ಗಿಸುವ ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಒಗ್ಗಿಸುವಾಗ ಯಾವುದನ್ನು ಕತ್ತರಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಬೇಕಾದರೆ ಬಸ್ಸಿನ ಮೊದಲ ಬದುಕನ್ನು ತಿಳಿಯಬೇಕು.

ಆ ಬದುಕು ರೂಪುಗೊಂಡಿದ್ದು 1939ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಗ್ರಾಮೀಣ ಶಿಕ್ಷಣದ ಪ್ರಾಧ್ಯಾಪಕರಾಗಿದ್ದ ಫ್ರಾಂಕ್ ಸೈರ್ ಆ ವರ್ಷದ ಏಪ್ರಿಲ್‌ನಲ್ಲಿ ಒಂದು ಸಮಾವೇಶ ಕರೆದರು. ಅಲ್ಲಿಯವರೆಗೆ ಹಳ್ಳಿಯ ಮಕ್ಕಳು ಶಾಲೆಗೆ ಬರುತ್ತಿದ್ದುದು ಕೈಗೆ ಸಿಕ್ಕಿದ ವಾಹನದಲ್ಲಿ; ಕೆಲವು ಕಡೆ ಕುದುರೆಗಾಡಿಯೂ ಇತ್ತು. ಏಳು ದಿನ ಕೂತು ಚರ್ಚಿಸಿ ಬಸ್ಸಿನ ಉದ್ದ, ಎತ್ತರ, ನಡುದಾರಿಯ ಅಗಲ ಎಲ್ಲ ಸೇರಿ 44 ಮಾನದಂಡಗಳನ್ನು ಅಲ್ಲಿ ಸೇರಿದವರು ಬರೆದರು. ಶಾಲಾ ಬಸ್ಸಿನ ಗಾಢ ಹಳದಿ ಬಣ್ಣವನ್ನು ಆರಿಸಿದ್ದೂ ಅಲ್ಲೇ. ನಸುಕಿನ ಮಬ್ಬು ಬೆಳಕಿನಲ್ಲೂ ಆ ಹಳದಿಯ ಮೇಲಿನ ಕಪ್ಪಕ್ಷರ ಚೆನ್ನಾಗಿ ಕಾಣುತ್ತದೆ ಎಂಬುದು ಆ ಆಯ್ಕೆಗೆ ಕಾರಣ.

ಎರಡನೇ ಬದುಕಿನ ಕಥೆಯೂ ಹಳೆಯದೇ. 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿ ಮತ್ತು ಗೆಳೆಯರು ಬಣ್ಣ ಬಳಿದು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೊರಟ ಬಸ್ಸು 1939ರಲ್ಲಿ ತಯಾರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಶಾಲಾ ಬಸ್ಸು. ಅದರಲ್ಲಿ ಮಲಗುವ ಅಟ್ಟಣೆಗಳನ್ನು ಹಿಂದಿನ ಮಾಲೀಕರೇ ಕಟ್ಟಿಸಿದ್ದರು. 1971ರಲ್ಲಿ ಹಿಪ್ಪಿಗಳ ಗುರುವಾಗಿದ್ದ ಸ್ಟೀಫನ್ ಗ್ಯಾಸ್ಕಿನ್ ಅವರ ಜೊತೆ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟವರು ಹಳೆಯ ಬಸ್ಸುಗಳ ಸಾಲಿನಲ್ಲಿ ಟೆನೆಸಿಗೆ ಬಂದು ನೆಲೆ ನಿಂತರು. ಮನೆಗಳು ಏಳುವ ತನಕ ಅವರಿಗೆ ಆ ಬಸ್ಸುಗಳೇ ಮನೆ.

ಬಸ್ಸಿನ ನಿಜವಾದ ಗಟ್ಟಿತನ ಬಂದದ್ದು ಅದಾದ ಮೇಲೆ. ಅಮೆರಿಕದ ಸಂಸತ್ತು 1974ರಲ್ಲಿ ಶಾಲಾ ಬಸ್ಸಿನ ಸುರಕ್ಷತೆಗೆ ಕಾನೂನು ಮಾಡಿತು. 1977ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದವು. ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರವನ್ನು ಚಾವಣಿಯ ಮೇಲೆ ಹೇರಿದರೂ ಅದು 5⅛ ಅಂಗುಲಕ್ಕಿಂತ ಹೆಚ್ಚು ಕುಸಿಯಬಾರದು, ಆ ಸ್ಥಿತಿಯಲ್ಲೂ ತುರ್ತು ಬಾಗಿಲುಗಳು ತೆರೆಯಬೇಕು. ತಗಡಿಗೆ ತಗಡು ಕೂಡುವ ಜಾಗದ ಬಿಗಿ, ಆ ತಗಡಿನದೇ ಬಲದ ಶೇ. 60ಕ್ಕಿಂತ ಕಡಿಮೆ ಇರಬಾರದು. ಹಳೆಯ ಬಸ್ಸಿನ ಒಳಚಾವಣಿ ಬಿಚ್ಚಲು ಹೋದವರು ಸಾಲುಸಾಲು ರಿವೆಟ್‌ಗಳನ್ನು ಕಂಡು ಬೇಸತ್ತು ಹೋಗುತ್ತಾರೆ. ಬಸ್ಸು ಪಲ್ಟಿ ಹೊಡೆದಾಗ ತಗಡು ಕಿತ್ತುಕೊಂಡು ಮಗುವಿನ ಮೈಗೆ ಕತ್ತಿಯಂತೆ ತಾಗಬಾರದೆಂದೇ ಅಷ್ಟು ರಿವೆಟ್ ಹೊಡೆದಿದ್ದಾರೆ.

ಈಗ ಈ ಬಸ್ಸು ಮನೆಯಾಗುವ ಕೆಲಸಕ್ಕೆ ಬರೋಣ. ಮೊದಲು ಸೀಟುಗಳನ್ನು ಕಿತ್ತು ಹಾಕುತ್ತಾರೆ. ಬೋಲ್ಟುಗಳು ನೆಲ ತೂರಿ ಕೆಳಗಿನ ತನಕ ಇರುವುದರಿಂದ ಒಬ್ಬರು ಒಳಗೆ, ಒಬ್ಬರು ಬಸ್ಸಿನಡಿ ಮಲಗಿ ಬಿಚ್ಚಬೇಕು. ರಬ್ಬರ್ ಹಾಸು, ಅದರಡಿಯ ಪ್ಲೈವುಡ್ ಎತ್ತಿದಾಗ ಕಬ್ಬಿಣದ ನೆಲ ಕಾಣುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳ ಬಸ್ಸಾದರೆ ತುಕ್ಕು ತಿಂದ ತೂತುಗಳೂ ಕಾಣುತ್ತವೆ. ತುಕ್ಕನ್ನು ಉಜ್ಜಿ ತೆಗೆದು, ತೂತಿಗೆ ಹೊಸ ತಗಡು ಬೆಸೆದು, ಬಣ್ಣ ಹೊಡೆದ ಮೇಲಷ್ಟೇ ಮುಂದಿನ ಕೆಲಸ. ತುಕ್ಕಿನ ಮೇಲೆ ಮರದ ನೆಲ ಹಾಸಿದರೆ ಎರಡು ಮಳೆಗಾಲದಲ್ಲಿ ಹಾಸಿದ್ದೂ ಹಾಳು, ಅಡಿಯದೂ ಹಾಳು.

ಎಂಜಿನ್ ವಿಷಯದಲ್ಲಿ ಹಳೆಯ ಬಸ್ಸು ಉದಾರಿ. ಇಂಟರ್‌ನ್ಯಾಷನಲ್‌ನ ಡಿಟಿ466, ಕಮಿನ್ಸ್‌ನ 5.9 ಲೀಟರ್ ಎಂಜಿನ್‌ಗಳು ದೀರ್ಘಾಯುಷಿಗಳೆಂದು ಹೆಸರು ಪಡೆದಿವೆ. ಶಾಲೆ ಬಸ್ಸನ್ನು ಮಾರುವ ಹೊತ್ತಿಗೂ ಅವುಗಳಲ್ಲಿ ಸಾಕಷ್ಟು ದುಡಿಮೆ ಬಾಕಿ ಇರುತ್ತದೆ. ಆದರೆ ಮನೆಮನೆ ಮುಂದೆ ನಿಂತು ಹೊರಡಲು ಹೊಂದಿಸಿದ ಗೇರ್‌ಬಾಕ್ಸ್ ಇರುವ ಬಸ್ಸು ಹೆದ್ದಾರಿಯ ವೇಗಕ್ಕೆ ಏದುಸಿರು ಬಿಡುತ್ತದೆ. ಹಲವು ಹಳೆಯ ಬಸ್ಸುಗಳಲ್ಲಿರುವ ಅಲಿಸನ್ ಎಟಿ545 ಎಂಬ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ನನ್ನೂ ಚಕ್ರವನ್ನೂ ನೇರವಾಗಿ ಕಚ್ಚಿಸುವ ಲಾಕಪ್ ಇಲ್ಲ. ಹಿಂದೆ ಕಾರನ್ನು ಹೇರಿಕೊಂಡು ಘಾಟಿ ಹತ್ತಿದರೆ ಅದರ ಎಣ್ಣೆ ಕಾಯುತ್ತದೆ. ಕೊಳ್ಳುವ ಮುನ್ನವೇ ಇದನ್ನು ನೋಡಿಕೊಳ್ಳುವುದು ಜಾಣತನ.

ಕಾರು ಹೇರುವ ಮಾತು ಬಂದಾಗ ತೂಕದ ಲೆಕ್ಕ ಬದಲಾಗುತ್ತದೆ. 3,900 ಕಿಲೋ ಮಕ್ಕಳ ಜಾಗದಲ್ಲಿ 1,300 ಕಿಲೋ ಕಾರು, ಹಾಸಿಗೆ, ಒಲೆ, 400 ಲೀಟರ್ ನೀರು ಎಲ್ಲ ಹಿಡಿಸೀತು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಮಕ್ಕಳು ಬಸ್ಸಿನ ತುಂಬ ಹರಡಿ ಕೂರುತ್ತಿದ್ದರು. ಕಾರು ಒಂದೇ ಕಡೆ, ಹಿಂದಿನ ಆಕ್ಸಲ್‌ನ ಆಚೆ ನಿಲ್ಲುತ್ತದೆ. ಎರಡು ಆಕ್ಸಲ್‌ಗಳ ನಡುವೆ 6.5 ಮೀಟರ್ ಅಂತರ, ಕಾರಿನ ಭಾರದ ನಡು ಹಿಂದಿನ ಆಕ್ಸಲ್‌ನಿಂದ 1.5 ಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಆಗ ಹಿಂದಿನ ಆಕ್ಸಲ್‌ಗೆ ಬೀಳುವ ಹೆಚ್ಚುವರಿ ಭಾರ 1,300 ಅಲ್ಲ, 1,600 ಕಿಲೋ. ಹೆಚ್ಚಾದ ಆ 300 ಕಿಲೋವನ್ನು ಕಾರು ಮುಂದಿನ ಚಕ್ರಗಳಿಂದ ಎತ್ತಿಬಿಡುತ್ತದೆ. ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಬ್ರೇಕಿನ ಹಿಡಿತವೂ ಸಡಿಲ. ಆದ್ದರಿಂದಲೇ ತಿಳಿದವರು ನೀರಿನ ಟ್ಯಾಂಕು, ಬ್ಯಾಟರಿಗಳನ್ನು ಮುಂದಕ್ಕೆ ತರುತ್ತಾರೆ. ಕೆಲಸ ಮುಗಿದ ಮೇಲೆ ವೇ ಬ್ರಿಡ್ಜ್‌ಗೆ ಒಯ್ದು ಒಂದೊಂದು ಆಕ್ಸಲ್ಲನ್ನೂ ಬೇರೆ ಬೇರೆಯಾಗಿ ತೂಗಿಸುತ್ತಾರೆ.

ಹೇರುವ ದಾರಿಯೂ ಸುಲಭವಲ್ಲ. ಬಸ್ಸಿನ ನೆಲ ಮೂರು ಅಡಿ ಎತ್ತರದಲ್ಲಿದ್ದರೆ, ಒಂದಡಿ ಏರಲು ನಾಲ್ಕಡಿ ಇಳಿಜಾರು ಎಂದು ಹಿಡಿದರೂ ಹನ್ನೆರಡು ಅಡಿಯ ರ‍್ಯಾಂಪ್ ಬೇಕು. ಒಳಗಿನ ಅಗಲ ಏಳೂವರೆ ಅಡಿ ಇದ್ದರೂ ಚಕ್ರದ ಗೂಡುಗಳು ಎರಡೂ ಕಡೆ ಜಾಗ ತಿನ್ನುತ್ತವೆ. ಹೀಗಾಗಿ ಬೈಕ್ ಒಯ್ಯುವವರು ಹಿಂಭಾಗವನ್ನು ಮುಚ್ಚಿದ ಗ್ಯಾರೇಜು ಮಾಡುತ್ತಾರೆ. ಕಾರು ಒಯ್ಯುವವರಲ್ಲಿ ಹಲವರು ಹಿಂದಿನ ಬಾಡಿಯನ್ನೇ ಕತ್ತರಿಸಿ ತೆಗೆದು ಚಾಸಿಯ ಮೇಲೆ ತೆರೆದ ಕಟ್ಟೆ ಕಟ್ಟುತ್ತಾರೆ. ಎಂಜಿನ್ ಹಿಂದಿರುವ ಬಸ್ಸಿನಲ್ಲಿ ಇವೆರಡೂ ಕಷ್ಟ. ಕಾರನ್ನು ಬಿಗಿಯುವ ಕೊಂಡಿಗಳನ್ನು ನೆಲದ ತಗಡಿಗೆ ಬೆಸೆದರೆ ಗಟ್ಟಿ ಬ್ರೇಕ್ ಹಾಕಿದಾಗ ತಗಡೇ ಎದ್ದು ಬಂದೀತು. ಅವು ಚಾಸಿಯ ತೊಲೆಗಳಿಗೇ ಕಚ್ಚಬೇಕು.

ಬಾಡಿ ಕತ್ತರಿಸುವಾಗ ಮೈಯೆಲ್ಲ ಎಚ್ಚರವಿರಬೇಕು. ಒಂದು ಬದಿಯ ನೆಲದಿಂದ ಎದ್ದು, ಚಾವಣಿ ಹಾಯ್ದು, ಇನ್ನೊಂದು ಬದಿಯ ನೆಲಕ್ಕಿಳಿಯುವ ಉಕ್ಕಿನ ಕಮಾನುಗಳೇ ಬಸ್ಸಿನ ಬಲ. ತಲೆ ತಾಗುತ್ತದೆಂದು ಚಾವಣಿ ಎತ್ತರಿಸುವವರು ಪ್ರತಿ ಕಮಾನನ್ನೂ ಕುಯ್ದು, ನಡುವೆ ಹೊಸ ಉಕ್ಕು ಸೇರಿಸಿ ಬೆಸೆಯುತ್ತಾರೆ. ಬೆಸುಗೆ ಸರಿಯಾದರೆ ಬಸ್ಸು ಎತ್ತರವಾಗುತ್ತದೆ. ಸರಿಯಾಗದಿದ್ದರೆ ಕಾಣಲು ಬಸ್ಸು ಹಾಗೇ ಇರುತ್ತದೆ, ಒಂದೂವರೆ ಪಟ್ಟು ಭಾರ ತಡೆಯುವ ಶಕ್ತಿ ಹೋಗಿರುತ್ತದೆ. ತೊಟ್ಟಿ ಮನೆಯಲ್ಲಿ ದಾರಿಗೆ ಅಡ್ಡವೆಂದು ಒಂದು ಕಂಬ ತೆಗೆಸಿದವರಿಗೆ ಆ ಕಂಬ ಏನು ಹೊತ್ತಿತ್ತು ಎಂಬುದು ಸೂರು ಬಾಗಿದ ಮೇಲೆ ತಿಳಿಯುವಂತೆಯೇ ಇದು.

ಬಾಗಿಲುಗಳ ವಿಷಯ ಇದಕ್ಕಿಂತ ದೊಡ್ಡದು. 1988ರ ಮೇ 14ರ ರಾತ್ರಿ ಕೆಂಟಕಿಯ ಕ್ಯಾರಲ್ಟನ್ ಬಳಿ ಚರ್ಚೊಂದರ ಬಸ್ಸು 67 ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ವಿಹಾರದಿಂದ ಮರಳಿ ಕರೆತರುತ್ತಿತ್ತು. ಮೊದಲು ಶಾಲೆಯದಾಗಿದ್ದ ಬಸ್ಸು ಅದು. ಕುಡಿದು ಎದುರು ದಿಕ್ಕಿನಿಂದ ಬಂದವನ ಪಿಕಪ್ ಅದಕ್ಕೆ ಡಿಕ್ಕಿ ಹೊಡೆಯಿತು. ಇಂಧನ ಟ್ಯಾಂಕು ಒಡೆದು ಮುಂಬಾಗಿಲ ಕಡೆ ಬೆಂಕಿ ಎದ್ದಿತು. ಉಳಿದದ್ದು ಕಿರಿದಾದ ನಡುದಾರಿ ಮತ್ತು ಹಿಂಬಾಗಿಲು. ಅದರ ಬಳಿಯೂ ತಂಪು ಪಾನೀಯದ ಪೆಟ್ಟಿಗೆಯೊಂದು ಅಡ್ಡವಿತ್ತು. 27 ಜನ ತೀರಿಕೊಂಡರು, ಡಿಕ್ಕಿಯ ಪೆಟ್ಟಿನಿಂದಲ್ಲ, ಬೆಂಕಿ ಮತ್ತು ಹೊಗೆಯಿಂದ. ಶಾಲಾ ಬಸ್ಸಿನ ಟ್ಯಾಂಕಿಗೆ ರಕ್ಷಣೆ ಕಡ್ಡಾಯ ಮಾಡಿದ ನಿಯಮ ಜಾರಿಗೆ ಬರುವ ಕೆಲವೇ ದಿನ ಮುಂಚೆ ಆ ಚಾಸಿ ತಯಾರಾಗಿತ್ತು. ಆ ದುರಂತದ ನಂತರ ಬಸ್ಸುಗಳಲ್ಲಿ ತುರ್ತು ದ್ವಾರಗಳು ಹೆಚ್ಚಿದವು.

ಬಸ್ಸನ್ನು ಮನೆ ಮಾಡುವವರು ಹಿಂಬಾಗಿಲಿಗೆ ಅಡ್ಡಲಾಗಿ ಮಂಚ ಹಾಕುವಾಗ, ಗ್ಯಾರೇಜಿಗಾಗಿ ಆ ಬಾಗಿಲನ್ನೇ ಮುಚ್ಚುವಾಗ ಆ ರಾತ್ರಿಯನ್ನು ನೆನೆಯಲೇಬೇಕು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆಯಬೇಕು. ಮಲಗುವ ಜಾಗದ ಪಕ್ಕದಲ್ಲೇ ದೂಡಿದರೆ ತೆರೆಯುವ ಕಿಟಕಿ ಅಥವಾ ಚಾವಣಿಯ ಕಿಂಡಿ ಇರಬೇಕು. ಪೆಟ್ರೋಲ್ ತುಂಬಿದ ಗಾಡಿ ಗೋಡೆಯಾಚೆ, ಗ್ಯಾಸ್ ಒಲೆ ಈಚೆ ಇರುವ ಮನೆಯಲ್ಲಿ ಆ ಗೋಡೆ ಆವಿ ನುಸುಳದಷ್ಟು ಬಿಗಿಯಾಗಿರಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಅಲ್ಲಿ ಒಂದು ರಾತ್ರಿಯೂ ಮಲಗಬಾರದು.

ಕೆಲವನ್ನು ಗೌರವಿಸುವುದೆಂದರೆ ತೆಗೆದುಹಾಕುವುದು. ಹಳದಿ ಬಣ್ಣ ಅಂಥದ್ದು. ಮಕ್ಕಳಿಲ್ಲದ ಬಸ್ಸು ಅದೇ ಬಣ್ಣದಲ್ಲಿ ತಿರುಗಿದರೆ ಆ ಬಣ್ಣ ಕಂಡಾಗ ನಿಲ್ಲುವ ಅಭ್ಯಾಸ ಜನರಲ್ಲಿ ಸಡಿಲವಾಗುತ್ತದೆ. ಅಲ್ಲಿನ ಹಲವು ರಾಜ್ಯಗಳು ಮಾರಾಟವಾದ ಬಸ್ಸಿನ ಬಣ್ಣ ಬದಲಿಸಬೇಕು, 'ನಿಲ್ಲಿ' ಫಲಕ ಮತ್ತು ಮಿಣುಕು ದೀಪ ತೆಗೆಯಬೇಕು ಎನ್ನುವುದು ಇದಕ್ಕೇ.

ನಮ್ಮಲ್ಲಿ ಹೀಗೆ ಗ್ರೈಂಡರ್ ಹಿಡಿದು ಬಸ್ಸು ಕತ್ತರಿಸಲು ಬರುವುದಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಆದರೆ ಹಳೆಯ ಬಸ್ಸಿಗೆ ಹೊಸ ಬಾಳು ಕೊಟ್ಟ ಉದಾಹರಣೆ ನಮ್ಮಲ್ಲೂ ಇದೆ. ಕೆಎಸ್‌ಆರ್‌ಟಿಸಿ 2020ರಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಗುಜರಿಗೆ ಹೋಗಬೇಕಿದ್ದ ಬಸ್ಸನ್ನು ಮಹಿಳೆಯರ 'ಸ್ತ್ರೀ ಶೌಚಾಲಯ'ವಾಗಿ ಮಾಡಿತು. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್‌ನಿಂದ ನವೀಕರಣವಾಗುವುದಿಲ್ಲ. ಹಾಗೆ ರಸ್ತೆ ಬಿಡುವ ಬಸ್ಸುಗಳಲ್ಲಿ ಒಂದಷ್ಟಾದರೂ ಹಳ್ಳಿಗಳಲ್ಲಿ ಓದುವ ಮನೆಗಳಾಗಿ, ಸಂತೆಗೆ ಬಂದ ಹೆಂಗಸರ ತಂಗುದಾಣಗಳಾಗಿ ನಿಲ್ಲಬಾರದೇಕೆ? ನಿಂತ ಬಸ್ಸಿಗೂ ಗಟ್ಟಿ ಚಾವಣಿ ಬೇಕು, ಎರಡು ಬಾಗಿಲು ಬೇಕು, ತುಕ್ಕಿಲ್ಲದ ನೆಲ ಬೇಕು.

ಹಳೆಯ ವಸ್ತು ಕೈಗೆ ಬಂದಾಗ 'ಇದನ್ನು ಹೀಗೇಕೆ ಮಾಡಿದ್ದರು' ಎಂದು ಮೊದಲು ಕೇಳೋಣ. 'ಇದರಿಂದ ಏನು ಮಾಡಬಹುದು' ಎಂಬುದನ್ನು ಆಮೇಲೆ ಕೇಳೋಣ. ಮೊದಲ ಪ್ರಶ್ನೆಗೆ ಉತ್ತರ ಸಿಗದ ಕಡೆ ಕತ್ತರಿ ಆಡಿಸದಿರೋಣ. ಇನ್ನೊಂದು ಕೆಲಸ ಬಾಕಿ ಇದೆ. ಎಲ್ಲಿ ಕುಯ್ದೆ, ಎಲ್ಲಿ ಬೆಸೆದೆ, ಯಾವ ಆಕ್ಸಲ್ ಮೇಲೆ ಎಷ್ಟು ಭಾರ ಹಾಕಿದೆ ಎಂಬುದನ್ನು ಎರಡನೇ ಮಾಲೀಕ ಒಂದು ಹಾಳೆಯಲ್ಲಿ ಬರೆದು ಬಸ್ಸಿನಲ್ಲೇ ಇಡಬೇಕು. ಮೊದಲು ಕಟ್ಟಿದವರು ಮಕ್ಕಳನ್ನು ನೆನೆದು ಕಟ್ಟಿದ್ದರು. ಮೂರನೆಯ ಮಾಲೀಕ ಯಾರೋ, ಅವರ ಮಕ್ಕಳು ಯಾರೋ. ಅವರನ್ನು ನೆನೆಯುವ ಸರದಿ ಈಗ ನಮ್ಮದು.