ಕಾವಲು ಯಾರ ಹೊಣೆ?

ಆಯಾಸದಿಂದ ಒಂದು ಗಳಿಗೆ ಕಣ್ಣು ಮುಚ್ಚಿದರೆ ಅದು ಅಪರಾಧವೇ? ಜಪಾನಿನ ನ್ಯಾಯಾಲಯಗಳ ಮುಂದೆ ಈ ಪ್ರಶ್ನೆ ವರ್ಷಗಟ್ಟಲೆ ನಿಂತಿತ್ತು.

2007ರ ಡಿಸೆಂಬರ್‌ನಲ್ಲಿ ಐಚಿ ಪ್ರಾಂತದ ಓಬು ನಗರದಲ್ಲಿ, ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಗೆ ತುತ್ತಾಗಿದ್ದ 91 ವರ್ಷದ ವೃದ್ಧರೊಬ್ಬರು ಮನೆಯಿಂದ ಹೊರಟುಹೋದರು. ಜೊತೆಗಿದ್ದ 85ರ ಪತ್ನಿಗೆ ಆಗ ಕೆಲವೇ ನಿಮಿಷ ಜೋಂಪು ಹತ್ತಿತ್ತು. ಸೊಸೆ ಮನೆಗೆಲಸದಲ್ಲಿದ್ದರು. ವೃದ್ಧರು ರೈಲು ಹಳಿಗೆ ಇಳಿದು ಪ್ರಾಣ ಕಳೆದುಕೊಂಡರು.

ರೈಲುಗಳು ತಡವಾದುದರಿಂದ ಉಂಟಾದ ಸುಮಾರು 72 ಲಕ್ಷ ಯೆನ್ ನಷ್ಟವನ್ನು ಕುಟುಂಬವೇ ತುಂಬಿಕೊಡಬೇಕೆಂದು ಜೆ.ಆರ್. ಟೋಕೈ ರೈಲ್ವೆ ಕಂಪೆನಿ ದಾವೆ ಹೂಡಿತು. ಪತ್ನಿ ಮತ್ತು ಹಿರಿಯ ಮಗ ಪೂರ್ತಿ ಹಣ ತೆರಬೇಕೆಂದು 2013ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು. 2014ರಲ್ಲಿ ಹೈಕೋರ್ಟ್ ಮಗನನ್ನು ಬಿಟ್ಟು, ಪತ್ನಿ ಅರ್ಧದಷ್ಟು ಕೊಡಬೇಕೆಂದಿತು. ಕೊನೆಗೆ 2016ರ ಮಾರ್ಚ್ 1ರಂದು ಸರ್ವೋಚ್ಚ ನ್ಯಾಯಾಲಯ ಇಬ್ಬರನ್ನೂ ಹೊಣೆಯಿಂದ ಮುಕ್ತಗೊಳಿಸಿತು. ಹೆಂಡತಿ ಅಥವಾ ಮಗ ಎಂಬ ಒಂದೇ ಕಾರಣಕ್ಕೆ ಯಾರೂ ಕಾನೂನಿನ ಕಾವಲುಗಾರರಾಗುವುದಿಲ್ಲ ಎಂದಿತು.

ತೀರ್ಪು ಸಮಾಧಾನ ತರುತ್ತದೆ, ನಿಜ. ಆದರೆ ಪ್ರಶ್ನೆ ಮುಗಿಯುವುದಿಲ್ಲ. ರೋಗಿಯ ಆರೈಕೆಯನ್ನು ಯಾರು ಎಷ್ಟು ವಹಿಸಿಕೊಂಡಿದ್ದರು ಎಂಬುದನ್ನು ಪ್ರತಿ ಪ್ರಕರಣದಲ್ಲೂ ನೋಡಿ ಹೊಣೆ ನಿರ್ಧರಿಸಬೇಕೆಂದೂ ಅದೇ ತೀರ್ಪು ಹೇಳುತ್ತದೆ. ಹಾಗಾದರೆ ಹತ್ತಿರವಿದ್ದು ಸೇವೆ ಮಾಡಿದವರಿಗೆ ಭಯ, ದೂರ ಉಳಿದವರಿಗೆ ನೆಮ್ಮದಿ! ಭಯಪಟ್ಟ ಮನೆಮಂದಿ ಮಾಡುವುದೇನು? ಬಾಗಿಲಿಗೆ ಬೀಗ ಜಡಿಯುತ್ತಾರೆ.

ಬೀಗ ಹಾಕುವವರನ್ನು ನಿಂದಿಸುವುದು ಸುಲಭ. ಹಗಲಿರುಳು ಒಬ್ಬರೇ ಕಾಯುವವರ ಸಂಕಟ ನಿಂದಿಸುವವರಿಗೆ ತಿಳಿಯದು. 2023ರ ಒಂದೇ ವರ್ಷದಲ್ಲಿ ಡಿಮೆನ್ಶಿಯಾ ಪೀಡಿತರು ಕಾಣೆಯಾದ 19,039 ದೂರುಗಳು ಜಪಾನಿನ ಪೊಲೀಸರಿಗೆ ಬಂದವು. ಹೆಚ್ಚಿನವರು ಸಿಗುತ್ತಾರೆ, ಕೆಲವರು ಶವವಾಗಿ. ಆದ್ದರಿಂದ ಬೀಗದ ಹಿಂದೆ ಪ್ರೀತಿಯೂ ಇರಬಹುದು. ಆದರೂ ಬೀಗ ಬೀಗವೇ. ಅದು ದೇಹವನ್ನು ಉಳಿಸುತ್ತದೆ, ಮನುಷ್ಯನನ್ನು ಕೈದಿಯಾಗಿಸುತ್ತದೆ.

ಇಂಥವರ ಅಲೆದಾಟಕ್ಕೆ ಜಪಾನಿ ಭಾಷೆಯಲ್ಲಿ 'ಹೈಕಾಯ್' ಎನ್ನುತ್ತಾರೆ, ಅಂದರೆ ಗುರಿಯಿಲ್ಲದ ತಿರುಗಾಟ. ಈ ಪದವನ್ನು ಕಾಯಿಲೆಯುಳ್ಳವರೇ ವಿರೋಧಿಸಿದರು. 'ನಾವು ಸುಮ್ಮನೆ ತಿರುಗುವುದಿಲ್ಲ, ಎಲ್ಲಿಗೋ ಹೋಗಲೆಂದೇ ಹೊರಡುತ್ತೇವೆ' ಎಂಬುದು ಅವರ ವಾದ. ಒಬ್ಬರು ಎಂದೋ ಬಿಟ್ಟ ಕೆಲಸಕ್ಕೆ ಹೊರಟಿರಬಹುದು, ಇನ್ನೊಬ್ಬರು ತವರಿಗೆ. ಕೆಲವು ಊರುಗಳ ಆಡಳಿತ ಆ ಪದವನ್ನೇ ಕೈಬಿಟ್ಟಿತು. 'ಅರುವತ್ತಕ್ಕೆ ಅರಳು ಮರಳು' ಎಂದು ನಕ್ಕು ಸುಮ್ಮನಾಗುವ ನಾವೂ ಯೋಚಿಸಬೇಕಾದ ಮಾತಿದು. ಹೋಗಬೇಕೆಂಬ ಅವರ ಆಸೆ ಅರ್ಥವಿಲ್ಲದ್ದಲ್ಲ. ದಾರಿ ಮಾತ್ರ ತಪ್ಪಿದೆ.

ಹಾಗಾದರೆ ಬಾಗಿಲು ತೆರೆದಿಟ್ಟು ಸುಮ್ಮನಿರಬೇಕೇ? ಅದೂ ಕ್ರೌರ್ಯವೇ. ಸುರಕ್ಷೆ ಮತ್ತು ಸ್ವಾತಂತ್ರ್ಯಗಳಲ್ಲಿ ಒಂದನ್ನೇ ಆರಿಸಬೇಕಾದ ಇಕ್ಕಟ್ಟು ಹುಟ್ಟುವುದು ಕಾವಲು ಒಂದೇ ಮನೆಯ ಹೊರೆಯಾದಾಗ. ಫುಕುಓಕ ಪ್ರಾಂತದ ಓಮುತ, ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಊರು. ಅಲ್ಲಿ 2004ರಿಂದ ಜನರು ಹುಡುಕಾಟದ ತಾಲೀಮು ನಡೆಸುತ್ತಾ ಬಂದಿದ್ದಾರೆ. ಒಬ್ಬರು ದಾರಿ ತಪ್ಪಿದವರಂತೆ ಬೀದಿಯಲ್ಲಿ ನಡೆಯುತ್ತಾರೆ. ಊರವರು, ಶಾಲಾ ಮಕ್ಕಳು ಅವರನ್ನು ಗುರುತಿಸಿ, ಗಾಬರಿಗೊಳಿಸದೆ ಮಾತಾಡಿಸಲು ಕಲಿಯುತ್ತಾರೆ. ಕೋಬೆ ನಗರ 2019ರಲ್ಲಿ ಇನ್ನೊಂದು ಹೆಜ್ಜೆಯಿಟ್ಟಿತು. ನಿವಾಸಿ ತೆರಿಗೆ ಕಟ್ಟುವ ಪ್ರತಿಯೊಬ್ಬರಿಂದ ವರ್ಷಕ್ಕೆ 400 ಯೆನ್ ಹೆಚ್ಚುವರಿಯಾಗಿ ಪಡೆದು, ಡಿಮೆನ್ಶಿಯಾ ತಪಾಸಣೆಗೂ ಅಂಥವರಿಂದಾಗುವ ಅಪಘಾತಗಳ ಪರಿಹಾರಕ್ಕೂ ಬಳಸುವ ವ್ಯವಸ್ಥೆ ಮಾಡಿತು. ನಷ್ಟ ಅನುಭವಿಸಿದವರೂ ಬರಿಗೈಯಲ್ಲಿ ಹೋಗಬೇಕಾಗಿಲ್ಲ, ಸೇವೆ ಮಾಡಿದವರೂ ದಂಡ ತೆರಬೇಕಾಗಿಲ್ಲ.

ಇದು ಬರೀ ಔದಾರ್ಯವಲ್ಲ. ಆಯುಷ್ಯವಿದ್ದರೆ ನಾಳೆ ದಾರಿ ಮರೆಯುವ ಸರದಿ ನಮ್ಮದೂ ಆಗಬಹುದು. ಮುದುಕಿಯೊಬ್ಬಳು ಏಕೆ ನಿದ್ದೆ ಹೋದಳು ಎಂದು ಕೇಳುವ ಹಕ್ಕು, ಅವಳು ಮಲಗಿದ್ದಾಗ ಎಚ್ಚರವಿದ್ದ ಸಮಾಜಕ್ಕೆ ಮಾತ್ರ ಇದೆ.