ಎದುರಾಳಿಯ ಸಾವನ್ನೂ ನೆನೆಯೋಣ

ಯುದ್ಧದಲ್ಲಿ ಮಡಿದವರನ್ನು ನೆನೆಯುವುದು ಬದುಕುಳಿದವರ ಧರ್ಮ; ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರನ್ನು ನೆನೆಯುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದರಲ್ಲೇ ಮುಂದಿನ ಯುದ್ಧದ ಬೀಜವಿರುತ್ತದೆ. ನಮ್ಮ ಊರುಗಳ ವೀರಗಲ್ಲುಗಳನ್ನೇ ನೋಡಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ತುರು ಬಿಡಿಸಲು ಹೋಗಿ ಪ್ರಾಣ ಕೊಟ್ಟವನ ಋಣ ಊರಿನ ಮೇಲೆ ಇದ್ದೇ ಇತ್ತು. ಆದರೆ ಅವನ ಕಾಲಬುಡದಲ್ಲಿ ಉರುಳಿಬಿದ್ದವನಿಗೆ ಆ ಕಲ್ಲಿನಲ್ಲಿ ಸ್ವರ್ಗವಿಲ್ಲ. ಅವನಿಗಾಗಿ ಅತ್ತವರ ಸುಳಿವೂ ಇಲ್ಲ.

ಒಂದೇ ಕಡೆಯ ನೆನಪು ಸೇಡಿನ ಸಾಲಪತ್ರವಾಗುತ್ತದೆ. 1918ರ ನವೆಂಬರ್ 11ರಂದು ಜರ್ಮನಿ ಯುದ್ಧವಿರಾಮಕ್ಕೆ ಸಹಿ ಹಾಕಿದ್ದು ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲುಬೋಗಿಯಲ್ಲಿ. ಫ್ರಾನ್ಸ್ ಆ ಬೋಗಿಯನ್ನು ಸ್ಮಾರಕವಾಗಿ ಕಾಪಾಡಿತು. ಜರ್ಮನ್ ಸಾಮ್ರಾಜ್ಯದ ಸೊಕ್ಕು ಇಲ್ಲಿ ಮುರಿಯಿತೆಂದು ಕಲ್ಲಿನಲ್ಲಿ ಬರೆಸಿತು. 1940ರ ಜೂನ್ 22ರಂದು ಹಿಟ್ಲರನ ಕಡೆಯವರು ಅದೇ ಬೋಗಿಯನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿ, ಅದರೊಳಗೆ ಫ್ರಾನ್ಸಿನಿಂದ ಸಹಿ ಹಾಕಿಸಿಕೊಂಡರು. ಸ್ಮಾರಕವೇ ಸೇಡಿನ ವೇದಿಕೆಯಾಯಿತು. ಎರಡನೇ ಮಹಾಯುದ್ಧದ ಬಳಿಕ ದಾರಿ ಬದಲಾಯಿತು. 1951ರ ಒಪ್ಪಂದದಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ಇನ್ನು ನಾಲ್ಕು ದೇಶಗಳು ಫಿರಂಗಿಗಳ ಮೂಲವಸ್ತುಗಳಾದ ಕಲ್ಲಿದ್ದಲು, ಉಕ್ಕುಗಳನ್ನು ಜಂಟಿ ಆಡಳಿತಕ್ಕೆ ಒಪ್ಪಿಸಿದವು. ಅಂದಿನಿಂದ ಅವು ಪರಸ್ಪರ ಯುದ್ಧ ಮಾಡಿಲ್ಲ. 2014ರಲ್ಲಿ ಉತ್ತರ ಫ್ರಾನ್ಸಿನ ನೋತ್ರ್ ದಾಮ್ ದ ಲೊರೆತ್ ಗುಡ್ಡದ ಮೇಲೆ ಅನಾವರಣಗೊಂಡ ಉಂಗುರಾಕಾರದ ಸ್ಮಾರಕದಲ್ಲಿ, ಮೊದಲ ಮಹಾಯುದ್ಧದಲ್ಲಿ ಆ ಭಾಗದಲ್ಲಿ ಸತ್ತ ಸುಮಾರು 5,80,000 ಸೈನಿಕರ ಹೆಸರುಗಳಿವೆ. ದೇಶವಿಲ್ಲ, ಹುದ್ದೆಯಿಲ್ಲ, ಬರೀ ಅಕ್ಷರಕ್ರಮ.

ದಾಳಿ ಮಾಡಿದವನನ್ನೂ ತಡೆದು ನಿಂತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆ ಎಂದು ಕೇಳುವವರಿದ್ದಾರೆ. ಬೇಡ. ತಪ್ಪಿನ ಲೆಕ್ಕ ಬೇರೆ, ಸಾವಿನ ಲೆಕ್ಕ ಬೇರೆ. ಎರಡನೆಯದರಲ್ಲಿ ಪಕ್ಷಪಾತ ಸಲ್ಲದು. ಹಿಟ್ಲರನನ್ನು ಅಹಿಂಸೆಯಿಂದ ತಡೆಯಲಾಗುತ್ತಿತ್ತೆ ಎಂಬ ಪ್ರಶ್ನೆ ಇನ್ನೂ ಕಠಿಣ. 1940ರಲ್ಲಿ ನಿಂತು ಕೇಳಿದರೆ ಅದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಶಾಂತಿಯ ಕೆಲಸ ಶುರುವಾಗಬೇಕಿದ್ದದ್ದು 1918ರಲ್ಲಿ, ಬೋಗಿಯೊಳಗಿನ ಸಹಿಯ ಮಸಿ ಆರುವ ಮೊದಲು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ, ನೀರಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಎದುರಾಳಿಯ ಸಾವನ್ನು ನೆನೆಯುವುದು ನಮಗೆ ಹೊಸದೂ ಅಲ್ಲ: ಕಳಿಂಗದಲ್ಲಿ ಲಕ್ಷ ಜನ ಹತರಾದರೆಂದು ಗೆದ್ದ ಅಶೋಕನೇ ಬಂಡೆಯ ಮೇಲೆ ಬರೆಸಿದ. ನಮ್ಮ ಹುತಾತ್ಮರ ಸ್ಮಾರಕದ ಮುಂದೆ ಮೌನವಾಗಿ ನಿಂತಾಗ, ಗಡಿಯಾಚೆ ಮಗನ ಫೋಟೋಕ್ಕೆ ಹೂವು ಮುಡಿಸುತ್ತಿರುವ ತಾಯಿಯನ್ನೂ ನೆನೆಯಿರಿ.